ನಮ್ಮ ಬೋರ್‌ವೆಲ್ ನೀರಿಗೆ ಹೊಳೆದದ್ದು ಗ್ಲಾಸ್ಗೋ ನೀರಿಗೆ ಹೊಳೆಯಲಿಲ್ಲ

ಬಸ್ಸಿನಲ್ಲಿ

ಗ್ಲಾಸ್ಗೋದಲ್ಲಿ ಬಸ್ ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಮುದುಕರು, ಕುಡಿದವರು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಕಾಲೇಜು ಹುಡುಗರು, ಯಾರೂ ತಪ್ಪಿಸುವುದಿಲ್ಲ. ಶಿವಾಜಿನಗರದ ಬಸ್ಸುಗಳಲ್ಲಿ ನೇತಾಡಿಕೊಂಡು ಡಿಗ್ರಿ ಮುಗಿಸಿದ ನನಗೆ ಇದು ಹೊಸದು. ನಮ್ಮಲ್ಲಿ ಡ್ರೈವರ್ ಬಸ್ಸನ್ನು ಪೂರ್ತಿ ನಿಲ್ಲಿಸಿದರೆ ಅದೇ ದೊಡ್ಡದು. ಥ್ಯಾಂಕ್ಸ್ ಹೇಳುವಷ್ಟು ಹೊತ್ತು ಅವನು ನಿಲ್ಲಿಸುವುದಿಲ್ಲ. ಮೊದಲ ದಿನ ನಾನು ಅಭ್ಯಾಸದಂತೆ ಸ್ಟಾಪಿಗೆ ತುಂಬಾ ಮೊದಲೇ ಎದ್ದು, ಕಂಬಿ ಹಿಡಿದು, ಬಾಗಿಲ ಬಳಿ ಹೋಗಿ ಹಾರಲು ಸಜ್ಜಾಗಿ ನಿಂತೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಹುಷಾರಾಗಿದ್ದೀಯೇನಮ್ಮ?" ಎಂದು ವಿಚಾರಿಸಿದ.

ಹುಷಾರಾಗಿಯೇ ಇದ್ದೆ. ಬ್ಯಾಗು ಮಾತ್ರ ಎದೆಗೆ ಅವುಚಿಕೊಂಡಿದ್ದೆ. ಅದರೊಳಗೆ ಬಿಳಿ ಪುಡಿ ತುಂಬಿದ ಪುಟ್ಟ ಪ್ಲಾಸ್ಟಿಕ್ ಟ್ಯೂಬುಗಳಿದ್ದವು. ಏರ್‌ಪೋರ್ಟಿನಲ್ಲಿ ಬಿಳಿ ಪುಡಿ ಕಂಡರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಕಸ್ಟಮ್ಸಿನ ಹೆಂಗಸು ನನ್ನ ಕಾಗದಗಳನ್ನೆಲ್ಲ ಓದಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದಳು. "ಇದಕ್ಕೆ ಜೀವ ಇದೆಯಾ?"

"ಜೀವ ಇಲ್ಲ ಮೇಡಂ. ಆದರೆ ಕೆಲಸ ಮಾಡುತ್ತೆ."

"ನಮ್ಮ ಆಫೀಸಿನಲ್ಲಿ ಇದರ ಉಲ್ಟಾ," ಎಂದು ಆಕೆ ಬ್ಯಾಗಿನ ಜಿಪ್ ಎಳೆದು ಕೊಟ್ಟಳು.

ಪುಡಿಯ ಸಮಾಚಾರ

ನಾನು ಶರಣಮ್ಮ. ಅಪ್ಪ, ಅವ್ವ ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ರಾಮಮೂರ್ತಿ ನಗರದ ಬಾಡಿಗೆ ಕೋಣೆಯಲ್ಲಿ ನೆಲೆ ನಿಂತವರು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಏಕೆಂದರೆ ಪುಕ್ಕಟೆ ಸಿಕ್ಕಿದ್ದಲ್ಲ. ಈಗ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ, ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಮೂವರೇ ಇದ್ದೇವೆ: ಮೇಷ್ಟ್ರ ಕೆಲಸ ಬಿಟ್ಟು ಬಂದ ನಮ್ಮ ಸರ್, ಶಿವಾಜಿನಗರದ ನಸ್ರೀನ್, ನಾನು. ಪ್ರೊಟೀನ್ ಹೇಗೆ ತಯಾರಾಗುತ್ತದೆ ಎಂಬುದನ್ನು ಶಾಲೆ ಮಕ್ಕಳು ಕಣ್ಣಾರೆ ನೋಡುವಂಥ ಒಂದು ಪೆಟ್ಟಿಗೆಯನ್ನು ನಾವು ತಯಾರಿಸುತ್ತೇವೆ.

ಪುಸ್ತಕದಲ್ಲಿ ಓದಿ ಮರೆತವರಿಗೆ ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಪ್ರೊಟೀನ್ ಅಂದರೆ ಒಂದು ಸರ. ಅಮೈನೋ ಆಮ್ಲಗಳೇ ಅದರ ಹೂಗಳು. ಇಪ್ಪತ್ತು ಬಗೆ ಇವೆ. ಹಲಸೂರು ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವರನ್ನು ನೋಡಿದ್ದೀರಲ್ಲ, ಜೀವಕೋಶದೊಳಗೆ ಆ ಕೆಲಸ ಮಾಡುವುದು ರೈಬೋಸೋಮ್. ಅದಕ್ಕೂ ಎರಡು ಕೈಗಳಿವೆ ಅನ್ನಿ. ಚಿಕ್ಕ ಕೈ ಚೀಟಿ ಓದುತ್ತದೆ, ದೊಡ್ಡ ಕೈ ಗಂಟು ಹಾಕುತ್ತದೆ. ಚೀಟಿಯಲ್ಲಿ ಮೂರು ಅಕ್ಷರಕ್ಕೆ ಒಂದು ಹೂವಿನಂತೆ ಬರೆದಿರುತ್ತದೆ. ಡಿಎನ್ಎಯಿಂದ ಆ ಚೀಟಿಯನ್ನು ನಕಲು ಮಾಡಿಕೊಡುವುದು ಒಂದು ಕಿಣ್ವ. ಹೂಗಳು ಪುಟ್ಟ ಬುಟ್ಟಿಗಳಲ್ಲಿ ಬರುತ್ತವೆ. ಯಾವ ಹೂ ಯಾವ ಬುಟ್ಟಿಗೆ ಎಂದು ನೋಡಿ ತುಂಬುವುದು ಬೇರೆ ಕಿಣ್ವಗಳು. ಬುಟ್ಟಿ ತುಂಬುವಾಗ ಎಡವಟ್ಟಾದರೆ ರೈಬೋಸೋಮ್ ಕೇಳುವುದಿಲ್ಲ, ಬಂದದ್ದನ್ನು ಕಟ್ಟಿಬಿಡುತ್ತದೆ.

ನಾವು ನಿರಪಾಯದ ಬ್ಯಾಕ್ಟೀರಿಯಾಗಳನ್ನು ಒಡೆದು, ಒಳಗಿನ ರೈಬೋಸೋಮು, ಕಿಣ್ವ, ಬುಟ್ಟಿಗಳನ್ನೆಲ್ಲ ತೆಗೆದು, ಅಮೈನೋ ಆಮ್ಲ ಬೆರೆಸಿ, ಹಸಿರಾಗಿ ಹೊಳೆಯುವ ಒಂದು ಪ್ರೊಟೀನಿನ ಡಿಎನ್ಎ ಸೇರಿಸಿ, ಒಣಗಿಸಿ ಪುಡಿ ಮಾಡುತ್ತೇವೆ. ಪುಡಿ ಸುಮ್ಮನೆ ಬಿದ್ದಿರುತ್ತದೆ. ನೀರು ಹಾಕಿದರೆ ಎದ್ದು ಕೆಲಸಕ್ಕೆ ಕೂರುತ್ತದೆ. ಒಂದೆರಡು ಗಂಟೆ ಬೆಚ್ಚಗಿಟ್ಟು, ಕತ್ತಲಲ್ಲಿ ನೀಲಿ ಟಾರ್ಚ್ ಬಿಟ್ಟು, ಹಳದಿ ಪ್ಲಾಸ್ಟಿಕ್ ಹಾಳೆಯ ಮೂಲಕ ನೋಡಿದರೆ ಹಸಿರು. ಆಗಷ್ಟೇ ಕಟ್ಟಿದ ಪ್ರೊಟೀನ್.

ಲ್ಯಾಬಿನ ಶುದ್ಧ ನೀರು ನಮ್ಮ ಶಾಲೆಗಳಲ್ಲಿ ಎಲ್ಲಿ ಸಿಗಬೇಕು? ಅದಕ್ಕೇ ನಲ್ಲಿ ನೀರಿಗೇ ಹೊಂದುವಂತೆ ಪುಡಿಯ ಅಳತೆಗಳನ್ನು ನಾನು ಕೂಡಿಸಿದ್ದೆ. ರಾಮಮೂರ್ತಿ ನಗರದ ಬೋರ್‌ವೆಲ್, ಕೆ.ಆರ್. ಪುರದ ಬೋರ್‌ವೆಲ್, ಟ್ಯಾಂಕರ್ ನೀರು, ಪಾತ್ರೆ ಅಂಗಡಿಯ ಸಂಪು, ಎಲ್ಲದರಲ್ಲೂ ಝಗ್ಗನೆ ಹೊಳೆಯಿತು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿದೆವು: ಯಾವ ನೀರಾದರೂ ಸರಿ.

ಗ್ಲಾಸ್ಗೋದ ಶಿಕ್ಷಕರ ಒಂದು ಸಮಿತಿ ಈ ಪೆಟ್ಟಿಗೆಯನ್ನು ನೋಡಬೇಕೆಂದಿತ್ತು. ಶುಕ್ರವಾರ ಅವರ ಮುಂದೆ ಮಾಡಿ ತೋರಿಸಬೇಕು. ಒಪ್ಪಿದರೆ ಅವರ ಶಾಲೆಗಳಿಗೆಲ್ಲ ನಾವೇ ಕಳಿಸುವುದು, ನಮ್ಮ ಮಹಡಿ ಉಳಿಯುತ್ತದೆ. ಒಪ್ಪದಿದ್ದರೆ ಸರ್ ಮತ್ತೆ ಮೇಷ್ಟ್ರಾಗುತ್ತಾರೆ, ಮಹಡಿ ಪಾತ್ರೆ ಅಂಗಡಿಯವರಿಗೆ ಗೋಡೌನ್ ಆಗುತ್ತದೆ. ಅವರು ಟೇಪು ತಂದು ಅಳತೆಯನ್ನೂ ತೆಗೆದುಕೊಂಡು ಹೋಗಿದ್ದರು.

ಸೋಮವಾರ, ಲ್ಯಾಬು

ಸಮಿತಿಯ ಪರವಾಗಿ ನನ್ನನ್ನು ಕರೆಸಿದವರು ಐಲ್ಸಾ ಎಂಬ ವಿಜ್ಞಾನಿ. ದೊಡ್ಡ ಲ್ಯಾಬು, ದೊಡ್ಡ ಹೆಸರು, ಆದರೆ ತಮ್ಮ ಲೋಟವನ್ನು ತಾವೇ ತೊಳೆಯುತ್ತಾರೆ. ನಾನು ಮೇಡಂ ಅಂದಾಗಲೆಲ್ಲ ಹಿಂದೆ ತಿರುಗಿ ಬೇರೆ ಯಾರಾದರೂ ಇದ್ದಾರಾ ಎಂದು ನೋಡುತ್ತಿದ್ದರು. ಕೊನೆಗೆ ಐಲ್ಸಾ ಅನ್ನುವುದನ್ನು ರೂಢಿ ಮಾಡಿಕೊಂಡೆ. ಬಾಯಿ ಅಂದರೂ ಮನಸ್ಸು ಪ್ರತಿ ಸಲ ಹಿಂದೊಂದು ಮೇಡಂ ಸೇರಿಸುತ್ತಿತ್ತು.

ನಲ್ಲಿ ತಿರುಗಿಸಿ ನೀರು ಹಿಡಿದು, ಟ್ಯೂಬುಗಳಿಗೆ ಹಾಕಿ, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟೆ. ಕಾಯುವ ಹೊತ್ತಿಗೆ ಎಲ್ಲರೂ ಚಹಾಕ್ಕೆ ಎದ್ದರು. ಅವರ ಚಹಾ ನಾವು ಬಲ್ಲ ಚಹಾ ಅಲ್ಲ. ಬಿಸಿನೀರಿನ ಲೋಟಕ್ಕೆ ಪುಡಿಯ ಚೀಲವೊಂದನ್ನು ಇಳಿಬಿಟ್ಟು, ಮೇಲೆ ಫ್ರಿಜ್ಜಿನ ತಣ್ಣನೆಯ ಹಾಲು ಸುರಿಯುತ್ತಾರೆ. ಕುದಿಸುವುದೇ ಇಲ್ಲ. ಹಳ್ಳಿಯಿಂದ ಬಂದವರ ಮುಂದೆ ನಾವು ಉಪ್ಪಿಟ್ಟೆಂದು ಹಸಿ ರವೆಯನ್ನೇ ಬಡಿಸಿದ ಹಾಗೆ. ಕುಡಿದೆ. "ಚೆನ್ನಾಗಿದೆ" ಎಂದೆ.

ದೀಪ ಆರಿಸಿದರು. ನೀಲಿ ಟಾರ್ಚ್ ಬಿಟ್ಟೆ. ಕತ್ತಲು. ಟ್ಯೂಬನ್ನು ತಿರುಗಿಸಿ ನೋಡಿದೆ, ಹಳದಿ ಹಾಳೆಯನ್ನು ಸೀರೆ ಸೆರಗಿನಲ್ಲಿ ಒರೆಸಿ ನೋಡಿದೆ. ಸೀರೆಯನ್ನು ಆ ದಿನಕ್ಕೆಂದೇ ಉಟ್ಟಿದ್ದೆ.

"ಚಿಂತೆ ಮಾಡಬೇಡ," ಎಂದರು ಐಲ್ಸಾ. "ಇದು ನಮಗೂ ಆಗುತ್ತಿರುತ್ತದೆ."

ನಮ್ಮ ಸರ್ ಆಗಿದ್ದರೆ ಕೂಗಾಡುತ್ತಿದ್ದರು. ಕೂಗಾಟಕ್ಕೆ ಒಂದು ಉತ್ತರವಾದರೂ ಕೊಡಬಹುದು. ಮಂಗಳವಾರ ಮತ್ತೆ ಮಾಡಿದೆ. ಮತ್ತೆ ಕತ್ತಲು.

ನಸ್ರೀನ್‌ಗೆ ಫೋನ್ ಮಾಡಿದೆ. ಅವಳು ನನ್ನ ಟ್ಯೂಬುಗಳ ಜೊತೆಗೇ ತಯಾರಿಸಿದ ಪುಡಿಯಲ್ಲಿ ಉಳಿದ ಟ್ಯೂಬು ತೆಗೆದು, ನೀರು ಹಾಕಿ ನೋಡಿ, ಮಧ್ಯಾಹ್ನದ ಹೊತ್ತಿಗೆ ವಾಪಸ್ ಫೋನ್ ಮಾಡಿದಳು.

"ಇಲ್ಲಿ ಎಲ್‌ಇಡಿ ಬಲ್ಬ್ ಥರ ಹೊಳೀತಿದೆ ಕಣೇ. ನೀನೇನ್ ವಿಮಾನದಲ್ಲಿ ಅದರ ಮೇಲೆ ಕೂತ್ಕೊಂಡ್ಯಾ?"

"ತಮಾಷೆ ಬೇಡ ನಸ್ರೀನ್. ಇಲ್ಲಿ ಮಾನ ಹೋಗ್ತಿದೆ."

"ಅರೆ, ಸಿಟ್ಟಾಗ್ಬೇಡ. ಸರ್‌ಗೆ ಹೇಳ್ಲಾ?"

"ಬೇಡ. ಶುಕ್ರವಾರದವರೆಗೆ ಬೇಡ."

ಅಲ್ಲಿನ ಪುಡಿ ಸರಿ ಇದೆ, ನಾನು ಬೆಚ್ಚಗೂ ಇಟ್ಟಿದ್ದೇನೆ. ಪ್ರಯಾಣದಲ್ಲಿ ಕೆಟ್ಟಿರಬೇಕು ಅಂದುಕೊಂಡೆ. ಬೇರೇನೂ ತೋಚಲಿಲ್ಲ.

ಬುಧವಾರ, ಬಟ್ಟೆ ಒಗೆತ

ನಾನು ಉಳಿದುಕೊಂಡಿದ್ದು ಜೀನ್ ಎಂಬ ಒಂಟಿ ಹೆಂಗಸಿನ ಮನೆಯ ಒಂದು ಕೋಣೆಯಲ್ಲಿ. ಮೊದಲ ದಿನ ಗೌರವಕ್ಕೆ ಆಂಟಿ ಅಂದೆ. "ನನಗೆ ಅಕ್ಕತಂಗಿಯರೇ ಇಲ್ಲವಲ್ಲ," ಎಂದು ಆಕೆ ತುಂಬಾ ಹೊತ್ತು ಯೋಚಿಸಿದಳು. ನನ್ನ ಹೆಸರು ಆಕೆಯ ಬಾಯಲ್ಲಿ ಶ್ಯಾರನ್ ಆಗಿತ್ತು. ಇಬ್ಬರೂ ಹೊಂದಿಕೊಂಡೆವು.

ಬುಧವಾರ ಸಂಜೆ ಬೇಸರ ಕಳೆಯಲು ಬಟ್ಟೆ ಒಗೆಯೋಣ ಅನ್ನಿಸಿತು. ಬೇಸರವಾದಾಗ ಒಗೆಯುವುದು ಅವ್ವನಿಂದ ಬಂದ ರೂಢಿ. ಮೆಷಿನ್ನಿಗೆ ಬಟ್ಟೆ ತುಂಬಿ, ಮನೆಯಲ್ಲಿ ಹಾಕುವಷ್ಟೇ ಸೋಪಿನ ಪುಡಿ ಹಾಕಿ, ಮೇಲೆ ಹೋಗಿ ಅವ್ವನಿಗೆ ಫೋನ್ ಮಾಡಿದೆ.

"ಏನ್ ಮಾಡ್ಲತ್ತಿ ಯವ್ವಾ?"

"ಬಟ್ಟಿ ಒಗೀಲತ್ತೀನಿ."

"ಅಷ್ಟು ದೂರ ಹೋಗಿ ಬಟ್ಟಿ ಒಗೀಲತ್ತಿ? ಇಲ್ಲೇ ಒಗೀಬಹುದಿತ್ತಲ್ಲ. ಕೆಲಸ ಆಯ್ತಾ?"

"ಇನ್ನಾ ಇಲ್ಲ."

"ಆಗ್ತದ ಬಿಡು. ಉಣ್ಣು ಮೊದಲು."

ಅಷ್ಟರಲ್ಲಿ ಕೆಳಗಿನಿಂದ ಜೀನ್ ಕರೆದಳು. ದನಿಯಲ್ಲಿ ಗಾಬರಿಯಿರಲಿಲ್ಲ. "ಶ್ಯಾರನ್, ಅಡುಗೆಮನೆಗೆ ಮೋಡ ಇಳಿದಿದೆ. ಬಂದು ನೋಡುತ್ತೀಯಾ?"

ಮೆಷಿನ್ನಿನ ಬಾಯಿಂದ ನೊರೆ ಉಕ್ಕಿ, ನೆಲ ಮುಚ್ಚಿ, ಮೇಜಿನ ಕಾಲುಗಳನ್ನು ನುಂಗಿತ್ತು. ಬೆಕ್ಕು ಕುರ್ಚಿಯ ಮೇಲೆ ಹತ್ತಿ ನನ್ನನ್ನೇ ನೋಡುತ್ತಿತ್ತು. ಇಬ್ಬರೂ ಬಕೆಟ್ಟು ಹಿಡಿದು ಬಳಿಯತೊಡಗಿದೆವು. ನಮ್ಮ ರಾಮಮೂರ್ತಿ ನಗರದಲ್ಲಿ ಹಿಡಿ ಹಿಡಿ ಸೋಪು ಹಾಕಿದರೂ ನೊರೆ ಏಳದು. ಬಟ್ಟೆ ಒಣಗಿದ ಮೇಲೆ ಹಪ್ಪಳದ ಹಾಗೆ ನಿಲ್ಲುತ್ತದೆ. ಇಲ್ಲಿ ಅದೇ ಸೋಪಿಗೆ ಮೋಡ. ನೊರೆ ಬಳಿಯುತ್ತ ನನ್ನ ಕಣ್ಣು ಒಲೆಯ ಪಕ್ಕದ ಕೆಟಲ್ ಮೇಲೆ ಬಿತ್ತು. ಎದ್ದು ಮುಚ್ಚಳ ತೆಗೆದು ಒಳಗೆ ನೋಡಿದೆ. ಹಳೆಯ ಕೆಟಲ್, ಒಳಗೆ ಮಾತ್ರ ಕನ್ನಡಿ. ನಮ್ಮ ಮನೆಯ ಪಾತ್ರೆಗೆ ತಿಂಗಳೊಪ್ಪತ್ತಿನಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ, ಅವ್ವ ಹುಣಸೆಹಣ್ಣು ಹಾಕಿ ಉಜ್ಜುತ್ತಾಳೆ.

"ಜೀನ್, ನಿಮ್ಮ ನೀರು ಎಲ್ಲಿಂದ ಬರೋದು?"

"ಬೆಟ್ಟದ ಸರೋವರದಿಂದ. ಮಳೆ ನೀರೇ ಅನ್ನು. ಯಾಕೆ?"

ನಾನು ಒದ್ದೆ ನೆಲದ ಮೇಲೆಯೇ ಕೂತುಬಿಟ್ಟೆ.

ನೊರೆ ಏಳಗೊಡದ, ಹಕ್ಕಳೆ ಕಟ್ಟಿಸುವ ಗಡಸು ನೀರಿನಲ್ಲಿ ಸುಣ್ಣದ ಜೊತೆ ಮೆಗ್ನೀಸಿಯಂ ಇರುತ್ತದೆ. ನೆಲದಾಳದ ಬಂಡೆಯಿಂದ ಬಂದದ್ದು, ಮಳೆ ನೀರಿನಲ್ಲಿ ಇರದು. ರೈಬೋಸೋಮಿನ ಎರಡು ಕೈಗಳು ಒಂದನ್ನೊಂದು ಹಿಡಿದು ನಿಲ್ಲಲು ಬೇಕಾದದ್ದು ಅದೇ ಮೆಗ್ನೀಸಿಯಂ. ಅದು ಕಡಿಮೆಯಾದರೆ ಕೈಗಳು ಬಿಟ್ಟುಹೋಗುತ್ತವೆ. ಚೀಟಿ ಇದೆ, ಬುಟ್ಟಿ ತುಂಬ ಹೂ ಇದೆ, ಕಟ್ಟುವವರಿಲ್ಲ. ನಾನು ಪುಡಿಯ ಅಳತೆ ಕೂಡಿಸಿದ್ದು ನಮ್ಮ ನೀರಿನಲ್ಲಿ. ಅಲ್ಲಿ ಅರ್ಧ ಮೆಗ್ನೀಸಿಯಂ ಬಿಟ್ಟಿಯಾಗಿ ಬೋರ್‌ವೆಲ್ಲಿನಿಂದಲೇ ಬರುತ್ತಿತ್ತು, ಪುಡಿಗೆ ಅಷ್ಟು ಕಡಿಮೆ ಹಾಕಿದ್ದೆ. ಟ್ಯಾಂಕರಿನದೂ ಬೋರ್‌ವೆಲ್ ನೀರು, ಸಂಪಿನದೂ ಬೋರ್‌ವೆಲ್ ನೀರು. ಒಂದೇ ನೀರನ್ನು ನಾಲ್ಕು ಕಡೆ ಹಿಡಿದು, ಲೋಕದ ನೀರನ್ನೆಲ್ಲ ನೋಡಿಬಿಟ್ಟೆವು ಎಂದು ತಿಳಿದಿದ್ದೆವು.

ನಸ್ರೀನ್‌ಗೆ ಹೇಳಿದಾಗ ಅವಳು ನಗಲೂ ಇಲ್ಲ. "ನಮ್ಮನೆ ಕಾವೇರಿ ನೀರಲ್ಲಿ ಒಂದ್ಸಲ ಮಂಕಾಗಿತ್ತಲ್ಲ, ನೆನಪಿದ್ಯಾ? ನಿಮ್ಮನೆ ಟಾರ್ಚೇ ಸರಿ ಇಲ್ಲ ಅಂದ್ಬಿಟ್ಟೆ ನೀನು. ಅಮ್ಮಿ ಪಾಪ, ಹೊಸ ಸೆಲ್ ತರಿಸಿದ್ರು."

ಜೀನ್‌ಳ ಅಡುಗೆಮನೆ

ಲ್ಯಾಬು ಮುಚ್ಚಿತ್ತು, ಮರುದಿನದವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಸ್ನಾನದ ಮನೆಯ ಗೂಡಿನಲ್ಲಿ ಜೀನ್ ಪಾದ ನೆನೆಸಲು ಇಟ್ಟುಕೊಂಡಿದ್ದ ಉಪ್ಪಿನ ಪೊಟ್ಟಣ ನೋಡಿದ್ದೆ. ಅದನ್ನು ತಂದು ಹಿಂಬದಿ ಓದಿದೆ. ಮೆಗ್ನೀಸಿಯಂ ಸಲ್ಫೇಟ್. ನಮ್ಮಲ್ಲಿ ಗುಲಾಬಿ ಗಿಡಕ್ಕೆ ಹಾಕುತ್ತಾರೆ.

"ಇದನ್ನು ಸ್ವಲ್ಪ ತೆಗೆದುಕೊಳ್ಳಲಾ?"

"ಕಾಲು ನೋಯುತ್ತಿದೆಯಾ?"

"ಇಲ್ಲ. ಪ್ರೊಟೀನಿಗೆ."

ಆಕೆ ಚಮಚವನ್ನೂ ತೆಗೆದುಕೊಟ್ಟಳು. ಅಡುಗೆಮನೆ ಮೋಡ ಕಂಡ ಮೇಲೆ ನನ್ನಿಂದ ಏನು ಬಂದರೂ ಸರಿ ಅನ್ನುವ ಸ್ಥಿತಿ ತಲುಪಿದ್ದಳು.

ಮೂರು ಲೋಟ ನಲ್ಲಿ ನೀರು ಇಟ್ಟೆ. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಚಿಟಿಕೆ ಉಪ್ಪು, ಒಂದಕ್ಕೆ ಚಮಚ ತುಂಬ. ಮೂರರಿಂದಲೂ ಬ್ಯಾಗಿನಲ್ಲಿ ಉಳಿದಿದ್ದ ಟ್ಯೂಬುಗಳಿಗೆ ಹನಿಸಿ, ಜೀನ್ ಹಾಸಿಗೆಯಲ್ಲಿ ಇಟ್ಟುಕೊಳ್ಳುವ ಬಿಸಿನೀರಿನ ರಬ್ಬರ್ ಚೀಲಕ್ಕೆ ಒತ್ತಿ, ಮೇಲೊಂದು ಟವೆಲ್ ಸುತ್ತಿದೆ. ಬಾಣಂತಿ ಕೋಣೆಯ ಕೂಸಿನ ಹಾಗೆ ಕಂಡಿತು. ಇಬ್ಬರೂ ಟಿವಿ ನೋಡುತ್ತ ಕೂತೆವು. ಏನು ನೋಡಿದೆವೋ ಈಗ ನೆನಪಿಲ್ಲ.

ಪರದೆ ಎಳೆದು ಟಾರ್ಚ್ ಬಿಟ್ಟಾಗ ನಡುವಿನ ಟ್ಯೂಬು ಒಂದೇ ಹೊಳೆಯಿತು. ಉಪ್ಪಿಲ್ಲದ್ದೂ ಕತ್ತಲು, ಚಮಚದ್ದೂ ಕತ್ತಲು. ರೈಬೋಸೋಮಿಗೆ ಅತಿಯಾದರೂ ಆಗದು.

ಜೀನ್ ಕನ್ನಡಕ ಏರಿಸಿ ನೋಡಿದಳು. "ಪರವಾಗಿಲ್ಲ," ಎಂದಳು. ಗ್ಲಾಸ್ಗೋದವರು ಇದಕ್ಕಿಂತ ಹೆಚ್ಚು ಹೊಗಳುವುದಿಲ್ಲವೆಂದು ನನಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು.

ಗುರುವಾರ

ಐಲ್ಸಾ ಕೇಳಿ ಮೇಜು ತಟ್ಟಿ ನಕ್ಕರು. ಆಮೇಲೆ ದಾರಿಯನ್ನೂ ತೋರಿಸಿದರು. "ಸುಲಭ. ಉಪ್ಪು ಬೆರೆಸಿದ ನೀರನ್ನೇ ಬಾಟಲಿಯಲ್ಲಿ ತುಂಬಿಸಿ ತಾ. ಎಲ್ಲರದೂ ಹೊಳೆಯುತ್ತದೆ, ಸಮಿತಿ ಒಪ್ಪುತ್ತದೆ. ಊರಿಗೆ ಹೋಗಿ ಪುಡಿಯ ಅಳತೆ ಸರಿಮಾಡಿಕೋ. ಇದರಲ್ಲಿ ಮೋಸವೇನಿಲ್ಲ."

ಮೋಸವೇನಿಲ್ಲ, ನಿಜ. ಬಸ್ಸಿನಲ್ಲಿ ಬರುತ್ತ ನಾನೂ ಅದನ್ನೇ ಯೋಚಿಸಿದ್ದೆ. ಆದರೂ ತಲೆಯಾಡಿಸಲಾಗಲಿಲ್ಲ.

ನಾನು ಓದಿದ ಕಾಲೇಜಿನಲ್ಲಿ ಪ್ರಾಕ್ಟಿಕಲ್‌ನಲ್ಲಿ ರಿಸಲ್ಟ್ ಬರದಿದ್ದರೆ ಹೇಳುತ್ತಿದ್ದದ್ದು ಒಂದೇ ಮಾತು: ನಿನ್ನ ಕೈ ಸರಿ ಇಲ್ಲ. ರಾಸಾಯನಿಕ ಹಳೆಯದಿರಬಹುದು, ನೀರು ಬೇರೆಯಿರಬಹುದು ಎಂದು ಯಾರೂ ಅನ್ನಲಿಲ್ಲ. ಮನೆಯಲ್ಲಿ ಕೇಳೋಣವೆಂದರೆ ಪಿಪೆಟ್ ಕಂಡವರಿಲ್ಲ. ಪಕ್ಕದ ಹುಡುಗಿಯರದು ಬರುತ್ತಿತ್ತು. ಅವರ ಅಪ್ಪಂದಿರು ಓದಿದವರು. ಕೈಯನ್ನೇ ಅನುಮಾನಿಸಿಕೊಂಡು ನಾನು ಎಷ್ಟೋ ದಿನ ಕಳೆದೆ. ಈಗ ನಾನೇ ಅಚ್ಚು ಹಾಕಿಸಿದ ಪೆಟ್ಟಿಗೆ ಹಿಡಿದು ಎಲ್ಲೋ ಒಂದು ಮಗು ನೀರು ಹಾಕಿ, ಹೊಳೆಯದೆ, ತನ್ನ ಕೈ ನೋಡಿಕೊಂಡರೆ?

"ಅವರಿಗೆ ಕತ್ತಲನ್ನೂ ತೋರಿಸ್ತೀನಿ," ಎಂದೆ.

"ಸಮಿತಿಯ ಡಂಕನ್ ಸುಲಭದ ಮನುಷ್ಯನಲ್ಲ," ಎಂದರು ಐಲ್ಸಾ. "ಕೆಲಸ ಮಾಡದ ವಸ್ತು ತೋರಿಸಿದವರನ್ನು ಆತ ಇದುವರೆಗೆ ಒಪ್ಪಿದ್ದಿಲ್ಲ."

ಸಂಜೆ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. "ನೀನು ಅಲ್ಲಿದ್ದೀಯ, ನಾನಿಲ್ಲ. ನಿನಗೆ ಕಂಡ ಹಾಗೆ ಮಾಡು," ಎಂದರು. ಕೂಗಾಡಿದ್ದರೇ ಒಳ್ಳೆಯದಿತ್ತು ಅನ್ನಿಸಿತು.

ಶುಕ್ರವಾರ, ಶಾಲೆಯ ಸಭಾಂಗಣ

ಶಿಕ್ಷಕರು ಎಲ್ಲ ದೇಶದಲ್ಲೂ ಒಂದೇ. ಹಿಂದಿನ ಸಾಲು ಮೊದಲು ತುಂಬಿತು. ಮುಂದೆ ಬನ್ನಿ ಎಂದರೆ ಇಲ್ಲೇ ಸರಿ ಎಂದರು. ಕಿಟಕಿಯ ಬಳಿ, ಕೋಟನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು, ದಪ್ಪ ಮೀಸೆಯ ಡಂಕನ್ ಕೂತಿದ್ದರು. ಬಡವರ ಬಡಾವಣೆಯೊಂದರ ಶಾಲೆಯಲ್ಲಿ ಜೀವಶಾಸ್ತ್ರ ಹೇಳುವವರು.

ಎಲ್ಲರಿಗೂ ಟ್ಯೂಬು, ಹಳದಿ ಹಾಳೆ ಹಂಚಿದೆ. ಬಾಗಿಲ ಕಡೆಯವರಿಗೆ ಉಪ್ಪು ಬೆರೆಸಿದ ನೀರು, ಕಿಟಕಿ ಕಡೆಯವರಿಗೆ ಬರೀ ನಲ್ಲಿ ನೀರು. ಯಾವುದು ಯಾವುದೆಂದು ಹೇಳಲಿಲ್ಲ. ಮುಷ್ಟಿಯಲ್ಲಿ ಹಿಡಿದು, ಜೇಬಿನಲ್ಲಿಟ್ಟು, ಹೇಗಾದರೂ ಬೆಚ್ಚಗಿಡಿ ಎಂದೆ. ಒಬ್ಬಾಕೆ ಕಂಕುಳಲ್ಲಿ ಇಟ್ಟುಕೊಂಡಳು. ಕಾಯುವಾಗ ಹಲಸೂರಿನ ಹೂ ಕಟ್ಟುವವರ ಕತೆ ಹೇಳಿದೆ; ಚೀಟಿ, ಬುಟ್ಟಿ, ಎರಡು ಕೈ. ಅವರಿಗೆ ಮಲ್ಲಿಗೆ ಸರ ಗೊತ್ತಿಲ್ಲ, ಆದರೆ ಗಂಟು ಹಾಕುವ ಬೆರಳನ್ನು ನಾನು ಗಾಳಿಯಲ್ಲಿ ಆಡಿಸಿದಾಗ ಅವರ ಬೆರಳುಗಳೂ ಆಡಿದವು.

ದೀಪ ಆರಿತು. ನೀಲಿ ಟಾರ್ಚನ್ನು ಸಾಲುಗಳ ಮೇಲೆ ಹಾಯಿಸಿದೆ. ಬಾಗಿಲ ಕಡೆ ಹಸಿರು ಚುಕ್ಕೆಗಳು ಒಂದರ ಹಿಂದೊಂದು ಎದ್ದವು. ಕಿಟಕಿ ಕಡೆ ಕತ್ತಲು. ಆ ಕತ್ತಲಲ್ಲಿ ಟ್ಯೂಬು ಕುಲುಕುವ ಸದ್ದು ಕೇಳಿಸುತ್ತಿತ್ತು.

"ನಾನೇನು ತಪ್ಪು ಮಾಡಿದೆ?" ಇದು ಡಂಕನ್ ದನಿ. ತಲೆ ನರೆತ ಮೇಷ್ಟ್ರು, ಕೇಳಿದ್ದು ಮಾತ್ರ ಹುಡುಗನ ಹಾಗೆ, ಮೆಲ್ಲಗೆ.

"ನೀವೇನೂ ತಪ್ಪು ಮಾಡಿಲ್ಲ," ಎಂದೆ. "ತಪ್ಪು ಪೆಟ್ಟಿಗೆಯದು." ಆಮೇಲೆ ಬೋರ್‌ವೆಲ್ಲು, ಸರೋವರ, ಮೆಗ್ನೀಸಿಯಂ, ಜೀನ್‌ಳ ಅಡುಗೆಮನೆಯ ಮೋಡ, ಎಲ್ಲವನ್ನೂ ಹೇಳಿದೆ. ಯಾವ ನೀರಾದರೂ ಸರಿ ಎಂಬ ಸಾಲನ್ನು ತೆಗೆಯುತ್ತೇವೆ ಎಂದೂ ಹೇಳಿದೆ.

ಯಾರೋ ದೀಪ ಹಾಕಿದರು. ಡಂಕನ್ ಮೀಸೆ ತಿರುವುತ್ತಿದ್ದರು. "ಪುಡಿಯ ಅಳತೆ ಸರಿಮಾಡಬೇಡಿ," ಎಂದರು.

ಹೋಯಿತು ಅಂದುಕೊಂಡೆ.

"ಈಗಿರುವ ಪುಡಿಯನ್ನೇ ಕಳಿಸಿ. ಉಪ್ಪಿನ ಪೊಟ್ಟಣ ಬೇರೆ ಇಡಿ. ನನ್ನ ಶಾಲೆಯ ಮಕ್ಕಳು ಮೊದಲ ಸಲಕ್ಕೇ ಆಗಿಹೋಗುವುದನ್ನು ನಂಬುವುದಿಲ್ಲ. ಮೊದಲು ಕತ್ತಲು ನೋಡಲಿ. ಯಾಕೆ ಅಂತ ಜಗಳವಾಡಲಿ. ಆಮೇಲೆ ಉಪ್ಪು." ಅಕ್ಕಪಕ್ಕ ನೋಡಿದರು. "ನನ್ನ ಒಪ್ಪಿಗೆ ಇದೆ. ಬೇರೆಯವರು ಹೇಳಿ."

ಬೇರೆಯವರೂ ಕೈ ಎತ್ತಿದರು. ಐಲ್ಸಾ ನನ್ನ ಕಡೆ ನೋಡಿ ಹುಬ್ಬು ಕುಣಿಸಿದರು.

ಸಭೆ ಅಲ್ಲಿಗೆ ಮುಗಿಯಬೇಕಿತ್ತು. ಡಂಕನ್ ತಮ್ಮ ಕತ್ತಲ ಟ್ಯೂಬು ಹಿಡಿದು ನನ್ನ ಬಳಿ ಬಂದರು. "ಇದಕ್ಕೆ ಈಗ ಉಪ್ಪು ಹಾಕಿದರೆ? ಬಿಟ್ಟುಹೋದ ಕೈಗಳು ಮತ್ತೆ ಸೇರುತ್ತವಾ?"

"ಗೊತ್ತಿಲ್ಲ," ಎಂದೆ. "ನಾನು ಮಾಡಿ ನೋಡಿಲ್ಲ."

ಅವರ ಮುಖದಲ್ಲಿ ಆ ದಿನ ಮೊದಲ ಸಲ ನಗು ಕಂಡೆ. ಉಪ್ಪುನೀರು ಒಂದು ಹನಿ ಹಾಕಿದೆ. ಟ್ಯೂಬನ್ನು ಅವರು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಕಿಟಕಿ ಕಡೆಯವರೆಲ್ಲ ತಮ್ಮ ಟ್ಯೂಬುಗಳನ್ನು ಮುಂದೆ ಚಾಚಿ ಸಾಲಾಗಿ ನಿಂತರು, ಪ್ರಸಾದಕ್ಕೆ ನಿಂತ ಹಾಗೆ. ಬೀಗದ ಗೊಂಚಲು ಹಿಡಿದ ಕಾವಲುಗಾರ ಬಾಗಿಲಲ್ಲಿ ಇಣುಕಿ, ಶುಕ್ರವಾರ ಕಣ್ರಪ್ಪಾ ಎಂಬ ಅರ್ಥದಲ್ಲಿ ಏನೋ ಗೊಣಗಿದ. ಯಾರೂ ಕೋಟು ಹಾಕಿಕೊಳ್ಳಲಿಲ್ಲ. ಹಸಿರು ಬಂದಾಗಿದ್ದ ಬಾಗಿಲ ಕಡೆಯವರೂ ಎದ್ದು ಹೋಗಲಿಲ್ಲ. ಚಹಾ ಬಂತು, ತಣ್ಣಗಾಯಿತು. ಹೊರಗೆ ಬೆಳಕು ಇಳಿಯತೊಡಗಿತು.

ಕೊನೆಗೆ ಡಂಕನ್ ಎದ್ದು ತಾವೇ ದೀಪ ಆರಿಸಿದರು. ನೀಲಿ ಟಾರ್ಚನ್ನು ಅವರ ಕೈಗೆ ಕೊಟ್ಟೆ. ಅವರು ಟ್ಯೂಬನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ. ಟ್ಯೂಬಿನ ತಳದಲ್ಲಿ, ಇದೆಯೋ ಇಲ್ಲವೋ ಅನ್ನುವಷ್ಟು ಮಂಕಾಗಿ, ಹಸಿರು.

ಅವರು ಪಕ್ಕದಾಕೆಯ ಕಡೆ ತಿರುಗಿ ಟ್ಯೂಬು ಎತ್ತಿ ತೋರಿಸಿದರು.

"ನನ್ನದೂ ಬಂತು," ಎಂದರು.